ಮರ್ಕಂಜದ ಅರ್ಕಾವೊತ್ತು

ಕಳೆದ ಆಟಿಯಲ್ಲಿ ಮರ್ಕಂಜದ ದೊಡ್ಡಪ್ಪನ ಮನೆಯ ಚಾವಡಿಯಲ್ಲಿ ಕೂತು ನಾನೊಂದು ಕ್ಲೌಡ್ ಸರ್ವರ್ ಬಾಡಿಗೆಗೆ ಹಿಡಿದೆ. ಹೊರಗೆ ಮಳೆ ಹಿಡಿದುಕೊಂಡಿತ್ತು. ಕರೆಂಟು ಬಂದು ಹೋಗಿ ಮಾಡುತ್ತಿತ್ತು. ದೊಡ್ಡಪ್ಪ ಅಡಕೆ ಸುಲಿಯುವ ಕೈಯನ್ನು ನಿಲ್ಲಿಸಿ ಕೇಳಿದರು:

"ಈಗ ಅದು ಎಲ್ಲಿ ಉಂಟು?"

"ಬೆಂಗಳೂರಿನಲ್ಲಿ ಉಂಟು ದೊಡ್ಡಪ್ಪ. ಒಂದು ದೊಡ್ಡ ಕಟ್ಟಡದೊಳಗೆ."

"ಹಾಗಾದರೆ ಕ್ಲೌಡ್ ಅಂತ ಯಾಕೆ ಹೇಳುವುದು? ಮೋಡ ಇಲ್ಲಿ ಉಂಟಲ್ಲ."

ದೊಡ್ಡಪ್ಪ ಸುಳ್ಯ ತಾಲೂಕಿನ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೇಷ್ಟ್ರಾಗಿದ್ದವರು. ಅವರಿಗೆ ಒಂದೇ ಹುಚ್ಚು. 1837ರ ದಂಗೆಯ ಬಗ್ಗೆ ಊರಿನ ಹಿರಿಯರ ಬಾಯಲ್ಲಿ ಏನೇನು ಉಳಿದಿದೆಯೋ ಅದನ್ನೆಲ್ಲ ಕೇಳಿ ಬರೆದುಕೊಳ್ಳುವುದು. ರಜೆ ಸಿಕ್ಕಿದರೆ ಸಾಕು, ನೋಟುಬುಕ್ಕು ಹಿಡಿದು ಎಲಿಮಲೆ, ಗುತ್ತಿಗಾರು, ಅರಂತೋಡು, ಬೆಳ್ಳಾರೆ ಎಂದು ನಡೆದು ಹೊರಡುತ್ತಿದ್ದರು. ಅಜ್ಜ ಅಜ್ಜಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತಿದ್ದರು. ತುಳುವಾದರೆ ತುಳು, ಅರೆಭಾಷೆಯಾದರೆ ಅರೆಭಾಷೆ. ಹಾಗೆ ಹೇಳಿದವರಲ್ಲಿ ಒಬ್ಬರೂ ಇವತ್ತು ಇಲ್ಲ.

ಈ ಕಡೆಯವರಲ್ಲದ ಓದುಗರಿಗಾಗಿ ದಂಗೆಯ ಬಗ್ಗೆ ನಾಲ್ಕು ಮಾತು. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಾಗ, ಅದುವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆದ ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿಯೇ ಕೊಡಬೇಕಾಯಿತು. ಕಾಡಿನ ನಡುವೆ ಭತ್ತ ಬೆಳೆಯುವವನ ಕೈಯಲ್ಲಿ ನಗದು ಎಲ್ಲಿಂದ ಬರಬೇಕು? 1837ರ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ರೈತರು ಎದ್ದರು. ಕಲ್ಯಾಣಸ್ವಾಮಿ ಎಂಬ ಹೆಸರಿನ ಸುತ್ತ ಜನ ಸೇರಿದರು. ಬೆಳ್ಳಾರೆಯ ಖಜಾನೆ ಹೋಯಿತು, ದಂಡು ಮಂಗಳೂರಿಗೆ ಇಳಿಯಿತು, ಏಪ್ರಿಲ್ 5ರಂದು ಬಾವುಟಗುಡ್ಡೆಯ ಮೇಲೆ ಅವರ ಬಾವುಟ ಏರಿತು. 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ನಡೆದದ್ದು ಗಲ್ಲು, ಗಡೀಪಾರು. ಸರಕಾರಿ ಭಾಷೆಯಲ್ಲಿ ಅದು ಬಂಡಾಯ, ಊರ ಬಾಯಲ್ಲಿ ಬಹುಕಾಲ 'ಕಲ್ಯಾಣಪ್ಪನ ಕಾಟಕಾಯಿ', ಈಗ 'ಅಮರ ಸುಳ್ಯ ರೈತ ಹೋರಾಟ'. ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ಇದನ್ನೇ ವಸ್ತುವಾಗಿಟ್ಟುಕೊಂಡು 'ಕಲ್ಯಾಣಸ್ವಾಮಿ' ಕಾದಂಬರಿ ಬರೆದರು. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿತು.

ದೊಡ್ಡಪ್ಪನಿಗೆ ಬೇಕಾಗಿದ್ದದ್ದು ಪ್ರತಿಮೆಯಾದವರ ಕಥೆಯಲ್ಲ. ಹೆಸರಿಲ್ಲದೆ ದಂಡಿನ ಹಿಂದೆ ಹೋದವರು ಯಾರು, ಯಾವ ಮನೆಯವರು, ತಿರುಗಿ ಬಂದವರು ಏನು ಹೇಳಿದರು ಎಂಬುದು.

2006ರಲ್ಲಿ ನಾನು ಆ ಬರಹಗಳಿಗೆ ಒಂದು ತಾಣ ಮಾಡಿಕೊಟ್ಟೆ. ನಾನು ಇತಿಹಾಸ ಓದಿದವನು. ಕಂಪ್ಯೂಟರ್ ಕಲಿತದ್ದು ಹೊಟ್ಟೆಪಾಡಿಗೆ. ಆ ತಾಣ ಹೇಗೆ ಹೋಯಿತು, ಅದನ್ನು ತಿರುಗಿ ನಿಲ್ಲಿಸಲು ಹೊರಟಾಗ ನಾನೇ ಮಾಡಿದ ಒಂದು ತಪ್ಪಿನಿಂದ ಎರಡು ಅಕ್ಷರಚಿಹ್ನೆಗಳು ಹೇಗೆ ಮಾಯವಾದವು ಎಂಬುದನ್ನು ಹೇಳಲು ಈ ಲೇಖನ. ಆದರೆ ಅದಕ್ಕೆ ಮೊದಲು ಕನ್ನಡದ ಅಕ್ಷರ ಯಂತ್ರದೊಳಗೆ ಹೋದ ದಾರಿಯನ್ನು ಸ್ವಲ್ಪ ನೋಡಬೇಕು. ತಪ್ಪಿನ ಬೇರು ಅಲ್ಲಿದೆ.

*

ನಮ್ಮ ಕರಾವಳಿಯಲ್ಲಿ ಈ ದಾರಿ ಕಲ್ಲಿನಿಂದ ಶುರುವಾಗುತ್ತದೆ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚಿಗೆ ಅಕ್ಷರದ ಲೆಕ್ಕ ಗೊತ್ತಿಲ್ಲ. ಕೈಯಲ್ಲಿ ಬರೆದದ್ದನ್ನು ಹಾಗೇ ಎತ್ತಿಕೊಳ್ಳುತ್ತದೆ, ಚಿತ್ರವೂ ಒಂದೇ, ಬರಹವೂ ಒಂದೇ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ, ಅಚ್ಚಿನ ಮೊಳೆಗಳಲ್ಲಿ 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಬಂತು. ಕನ್ನಡ ಪತ್ರಿಕೋದ್ಯಮದ ಮೊದಲ 'ಸರ್ವರ್ ಬದಲಾವಣೆ' ಇದೇ ಎಂದು ನಾನು ತಮಾಷೆಗೆ ಹೇಳುವುದುಂಟು.

ಮೊಳೆ ಬಂದೊಡನೆ ಅಕ್ಷರವನ್ನು ಒಡೆಯಬೇಕಾಯಿತು. ಕನ್ನಡದಲ್ಲಿ ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿದರೆ ರೂಪಗಳು ಸಾವಿರಗಟ್ಟಲೆ. ಅಷ್ಟಕ್ಕೂ ಮೊಳೆ ಎರಕ ಹೊಯ್ಯುವವರು ಯಾರು? ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ ಎಂದು ತುಂಡು ಮಾಡಿ ಜೋಡಿಸಬೇಕು. ನಮ್ಮ ಪಕ್ಕದ ಪುತ್ತೂರಿನಲ್ಲಿ ಕಾರಂತರು 'ಹರ್ಷ' ಎಂಬ ಹೆಸರಿನಲ್ಲಿ ಸ್ವಂತ ಮುದ್ರಣಾಲಯ, ಪ್ರಕಟಣಾಲಯ ಇಟ್ಟುಕೊಂಡಿದ್ದರು. ತನ್ನ ಮಾತು ತನ್ನ ಯಂತ್ರದಿಂದಲೇ ಹೊರಡಲಿ ಎಂಬ ಹಟ ನಮ್ಮ ಕಡೆ ಹೊಸತಲ್ಲ. ಇವತ್ತು ಒಬ್ಬ ಹುಡುಗ ತಿಂಗಳಿಗೆ ಐನೂರು ರೂಪಾಯಿಯ ಸರ್ವರ್ ಹಿಡಿದು ಅದರಲ್ಲಿ ವರ್ಡ್‌ಪ್ರೆಸ್ ಹಾಕುತ್ತಾನಲ್ಲ, ಅದರ ಹಿಂದೆ ಇರುವುದೂ ಆ ಹಟವೇ.

ಕಂಪ್ಯೂಟರಿನಲ್ಲಿ ಈ ತುಂಡು ಮಾಡುವ ಕೆಲಸವನ್ನು ಬೇರೆ ರೀತಿಯಲ್ಲಿ ಯೋಚಿಸಿದವರು ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್. ಅಕ್ಷರದ ಆಕಾರವನ್ನು ಬಿಟ್ಟು ಅದರ ಉಚ್ಚಾರವನ್ನು ಹಿಡಿದರೆ, ಇಂಗ್ಲಿಷಿಗೆಂದು ಮಾಡಿದ ಕೀಲಿಮಣೆಯ ಕೀಲಿಗಳೇ ಕನ್ನಡಕ್ಕೆ ಧಾರಾಳ ಸಾಕು ಎಂದು ತೋರಿಸಿದರು. ವ್ಯಂಜನಕ್ಕೊಂದು ಕೀಲಿ, ಸ್ವರಕ್ಕೊಂದು ಕೀಲಿ, ಎರಡು ವ್ಯಂಜನಗಳನ್ನು ಬೆಸೆಯಲು ಒಂದು ಕೀಲಿ. ಆ ಬೆಸುಗೆಯ ಕೀಲಿ ಇಂಗ್ಲಿಷಿನ 'ಎಫ್' ಇರುವ ಜಾಗದ್ದು. ಅವರು ಉಚಿತವಾಗಿ ಕೊಟ್ಟ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದು ಹೆಸರಿಟ್ಟರು. ಮುಂದೆ ಸರಕಾರದ ಮನ್ನಣೆ ಪಡೆದ, 'ನುಡಿ'ಯಲ್ಲಿ ನಾವೆಲ್ಲ ಬಳಸುವ ವಿನ್ಯಾಸದ ಮೂಲ ಅದೇ. ನಮ್ಮೂರಿನ ಹೆಸರನ್ನು ಆ ವಿನ್ಯಾಸದಲ್ಲಿ ಒತ್ತಿ ನೋಡಿ: ಮ, ರ, ಬೆಸುಗೆ, ಕ, ಸೊನ್ನೆ, ಜ. ಕಣ್ಣಿಗೆ ಮೂರು ಅಕ್ಷರ, ಬೆರಳಿಗೆ ಆರು ಕೀಲಿ.

ಆದರೆ ಪರದೆಯ ಹಿಂದೆ ಸಂಗ್ರಹವಾಗುತ್ತಿದ್ದದ್ದು ಈ ಆರು ಅಲ್ಲ. ತೊಂಬತ್ತರ ದಶಕದ ಡಿಟಿಪಿ ಫಾಂಟುಗಳು ಹಳೆಯ ಮೊಳೆಗಳ ಹಾಗೆ ಆಕಾರದ ತುಂಡುಗಳನ್ನೇ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದ್ದವು. ಫಾಂಟು ತೆಗೆದರೆ ನಮ್ಮೂರಿನ ಹೆಸರಿನ ಕೊನೆಗೆ ಇಂಗ್ಲಿಷಿನ ದೊಡ್ಡ ಎ, ಸಣ್ಣ ಡಿ ಕಾಣುತ್ತಿದ್ದವು. ಇನ್ನೊಂದು ಪೇಚು ಎಂದರೆ ಅರ್ಕಾವೊತ್ತು. ರ್ ಮೊದಲು ಉಚ್ಚಾರವಾಗುತ್ತದೆ, ಆದರೆ ಅದರ ಗುರುತನ್ನು ಕ ಆದ ಮೇಲೆ ಬರೆಯುತ್ತೇವೆ. ಡಿಟಿಪಿ ಫಾಂಟು ಕೈಬರಹದ ಕ್ರಮ ಹಿಡಿಯಿತು: ಮೊದಲು ಕ, ಆಮೇಲೆ ಅರ್ಕ. ಯೂನಿಕೋಡ್ ಉಚ್ಚಾರದ ಕ್ರಮ ಹಿಡಿಯಿತು: ಮೊದಲು ರ, ಬೆಸುಗೆ, ಆಮೇಲೆ ಕ. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಪ್ರೋಗ್ರಾಂ ಈ ಹಿಂದುಮುಂದನ್ನು ಗಮನಿಸದಿದ್ದರೆ ಮರ್ಕಂಜ 'ಮಕರ್ಂಜ' ಆಗುತ್ತದೆ. ಹಾಗೆ ಆದ ಒಂದು ಮದುವೆ ಕಾಗದ ನಮ್ಮ ಮನೆಯಲ್ಲಿ ಈಗಲೂ ಇದೆ.

ಅಂತರಜಾಲಕ್ಕೆ ಕನ್ನಡ ಹೋದದ್ದು ಈ ತುಂಡುಗಳ ಕಾಲದಲ್ಲೇ. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜರು 1996ರಲ್ಲಿ 'ವಿಶ್ವಕನ್ನಡ' ಶುರುಮಾಡಿದಾಗ ಓದುವವನ ಯಂತ್ರದಲ್ಲೂ ಅದೇ ಫಾಂಟು ಇರಬೇಕಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಗಣಕ ಪರಿಷತ್ತಿನ 'ನುಡಿ'. ಪತ್ರಿಕೆಗಳು ತಮ್ಮ ತಮ್ಮ ಫಾಂಟು ಹಾಕಿಕೊಂಡವು. ಒಂದು ಪತ್ರಿಕೆಯ ಸಾಲನ್ನು ನಕಲು ಮಾಡಿ ಇನ್ನೊಂದು ಕಡೆ ಅಂಟಿಸಿದರೆ ಕಸ. ಹುಡುಕಲು ಆಗದು, ವಿಂಗಡಿಸಲು ಆಗದು.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿತ್ತು. 1988ರ ಭಾರತೀಯ ಸಂಕೇತ ವ್ಯವಸ್ಥೆ 'ಇಸ್ಕಿ'ಯ ಸಾಲನ್ನೇ ಅದು ಹಿಡಿದಿತ್ತು. ಆದರೆ ಜನರ ಯಂತ್ರಕ್ಕೆ ಅದು ತಲುಪಿದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ 'ತುಂಗ' ಫಾಂಟಿನ ಸಮೇತ ಬಂದ ಮೇಲೆ. ಅಲ್ಲಿಂದ ಮುಂದೆ ಎಲ್ಲ ಬೇಗ ಬೇಗ ಆಯಿತು. 2003ರ ಮೇ 27ರಂದು ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್, ನಿಂತುಹೋಗಿದ್ದ ಬಿ2 ಎಂಬ ತಂತ್ರಾಂಶವನ್ನು ಎತ್ತಿಕೊಂಡು ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ ಬಿಟ್ಟರು. ಅದರ ಮುಂದಿನ ತಿಂಗಳು ಕನ್ನಡ ವಿಕಿಪೀಡಿಯ ಶುರುವಾಯಿತು. 2005ರಲ್ಲಿ ಹರಿಪ್ರಸಾದ್ ನಾಡಿಗರು ದ್ರುಪಲ್ ಎಂಬ ವ್ಯವಸ್ಥೆಯ ಮೇಲೆ 'ಸಂಪದ' ಕಟ್ಟಿದರು. ಎಚ್‌ಟಿಎಂಎಲ್ ಗೊತ್ತಿಲ್ಲದವನೂ ಬರೆದು 'ಪ್ರಕಟಿಸು' ಎಂದು ಒತ್ತಬಹುದು ಎಂಬುದು ಆಗ ಎಷ್ಟು ದೊಡ್ಡ ಸಂಗತಿಯಾಗಿತ್ತು ಎಂದು ಇವತ್ತಿನ ವಿದ್ಯಾರ್ಥಿಗಳಿಗೆ ಹೇಳಿ ತಿಳಿಸುವುದು ಕಷ್ಟ. ಸಂಪದದಲ್ಲಿ ರಾತ್ರಿಯಿಡೀ ವ್ಯಾಕರಣ ಜಗಳ ಆಡಿದವರಲ್ಲಿ ನಾನೂ ಒಬ್ಬ.

*

ಆ ಉಮೇದಿನಲ್ಲೇ 2006ರಲ್ಲಿ ದೊಡ್ಡಪ್ಪನ ತಾಣ ಆಯಿತು. ವಿದೇಶದ ಒಂದು ಕಂಪನಿಯ ಅಗ್ಗದ ಜಾಗ, ವರ್ಡ್‌ಪ್ರೆಸ್ 2.0. ದೊಡ್ಡಪ್ಪನ ನೋಟುಬುಕ್ಕುಗಳನ್ನು ಸುಳ್ಯದಲ್ಲಿ ಡಿಟಿಪಿ ಮಾಡಿಸಿ, ಯೂನಿಕೋಡಿಗೆ ಬದಲಿಸಿ, ಅರ್ಕಾವೊತ್ತುಗಳನ್ನು ಒಂದೊಂದಾಗಿ ಸರಿಮಾಡಿ ಏರಿಸಿದೆ. ಪರದೆಯ ಮೇಲೆ ಕನ್ನಡ ಚಂದ ಕಾಣುತ್ತಿತ್ತು. ಒಳಗೆ ಏನಾಗುತ್ತಿತ್ತು ಎಂದು ನಾನು ನೋಡಲಿಲ್ಲ.

ವರ್ಡ್‌ಪ್ರೆಸ್ ಬರಹಗಳನ್ನು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ ಇಡುತ್ತದೆ. ಅದನ್ನು ಮಾಡಿದ ಕಂಪನಿ ಸ್ವೀಡನ್ನಿನದು. ಮೈಕೆಲ್ ವಿಡೇನಿಯಸ್ ತನ್ನ ಮಗಳು 'ಮಿ'ಯ ಹೆಸರನ್ನು ಅದಕ್ಕಿಟ್ಟ. ಒರಾಕಲ್ ಕೈಗೆ ಅದು ಹೋಗುವ ಹೊತ್ತಿಗೆ ಬೇರೆ ಕವಲು ಒಡೆದು, ಕಿರಿ ಮಗಳ ಹೆಸರಿನಲ್ಲಿ 'ಮರಿಯಾಡಿಬಿ' ಮಾಡಿದ. ಹೇಳಬೇಕಾದ ಸಂಗತಿ ಅದಲ್ಲ. ನೀವು ಬೇರೆ ಹೇಳದಿದ್ದರೆ ಮೈಎಸ್‌ಕ್ಯೂಎಲ್ ಎಲ್ಲ ಬರಹವನ್ನೂ ಲ್ಯಾಟಿನ್ ಲಿಪಿ, ಸ್ವೀಡಿಷ್ ಅಕಾರಾದಿ ಎಂದೇ ತಿಳಿಯುತ್ತಿತ್ತು. ಈ ಪೂರ್ವನಿಯೋಜನೆ ಬದಲಾದದ್ದು 2018ರ 8.0 ಆವೃತ್ತಿಯಲ್ಲಿ. ಬೇರೆ ಹೇಳುವ ಸೌಕರ್ಯವನ್ನು ವರ್ಡ್‌ಪ್ರೆಸ್ ತನ್ನ ಸಂರಚನಾ ಕಡತದಲ್ಲಿ ಕೊಟ್ಟದ್ದು 2007ರ 2.2 ಆವೃತ್ತಿಯಲ್ಲಿ. ನಾನು ಒಂದು ವರ್ಷ ಮೊದಲೇ ಹಾಕಿದ್ದೆ.

ಹೀಗಾಗಿ 1837ರಲ್ಲಿ ಸುಳ್ಯದಿಂದ ಹೊರಟವರ ಕಥೆ ಅಷ್ಟೂ ವರ್ಷ ಸ್ವೀಡಿಷ್ ವೇಷದಲ್ಲಿ ಕೂತಿತ್ತು. ಯೂನಿಕೋಡ್ ಕನ್ನಡದ ಒಂದೊಂದು ಚಿಹ್ನೆ ಯುಟಿಎಫ್-8ರಲ್ಲಿ ಮೂರು ಬೈಟು. ಮೊದಲನೆಯದು ಎಲ್ಲಕ್ಕೂ ಒಂದೇ. ಎರಡನೆಯದು ಎರಡರಲ್ಲಿ ಒಂದು. ಮೂರನೆಯದರಿಂದ ಯಾವ ಅಕ್ಷರ ಎಂದು ತಿಳಿಯುತ್ತದೆ. ಲ್ಯಾಟಿನ್ ಕಣ್ಣಿಗೆ ಮೊದಲನೆಯದು ತಲೆಯ ಮೇಲೆ ಓರೆಗೀಟಿರುವ ಫ್ರೆಂಚ್ 'ಎ', ಎರಡನೆಯದು ಮೇಲೇರಿ ಕೂತ ಪುಟ್ಟ 2 ಅಥವಾ 3. ಹಳೆಯ ಕನ್ನಡ ತಾಣಗಳು ಕೆಟ್ಟಾಗ ಓರೆಗೀಟಿನ 'ಎ'ಗಳ ಸಾಲು ಕಂಡವರಿಗೆ ಇದು ನೆನಪಿರಬಹುದು. ತಾಣ ನಡೆಯುತ್ತಿರುವಷ್ಟು ದಿನ ತೊಂದರೆಯಿಲ್ಲ. ಹಾಕುವಾಗಲೂ ತಪ್ಪು, ತೆಗೆಯುವಾಗಲೂ ಅದೇ ತಪ್ಪು, ಎರಡೂ ಸೇರಿ ಸರಿ. ಒಳಗಿನದನ್ನು ಹೊರಗೆ ಎತ್ತಿದಾಗ ಮಾತ್ರ ಬಣ್ಣ ಬಯಲಾಗುತ್ತದೆ.

ಕೆಲವು ವರ್ಷಗಳ ನಂತರ ಆ ಕಂಪನಿ ಬಾಗಿಲು ಹಾಕಿತು. ಎಚ್ಚರಿಕೆಯ ಮಿಂಚಂಚೆ ನಾನು ಬಳಸುವುದನ್ನೇ ಬಿಟ್ಟಿದ್ದ ವಿಳಾಸಕ್ಕೆ ಬಂದಿತ್ತು. ಉಳಿದದ್ದು ಅದಕ್ಕೆ ಮೊದಲೊಮ್ಮೆ ಇಳಿಸಿಕೊಂಡಿದ್ದ ಡೇಟಾಬೇಸಿನ ಪ್ರತಿ, ಒಂದೇ ಕಡತ. ನೋಟುಬುಕ್ಕುಗಳಿದ್ದ ಪೆಟ್ಟಿಗೆಗೆ ಒರಲೆ ಹಿಡಿದಿತ್ತು. ಡಿಟಿಪಿಯ ಫ್ಲಾಪಿಗಳು ತೆರೆಯಲಿಲ್ಲ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿದರೆ ಮುಖಪುಟ ಮಾತ್ರ ಸಿಕ್ಕಿತು. ಅದರಲ್ಲಿ ದೊಡ್ಡಪ್ಪನ ಫೋಟೊ, 'ಸ್ವಾಗತ' ಎಂಬ ಮಾತು.

*

ಕಳೆದ ವರ್ಷ ದೊಡ್ಡಪ್ಪನಿಗೆ ಎಂಬತ್ತಮೂರಾಯಿತು. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದಕ್ಕೆ ಒಪ್ಪುವುದಿಲ್ಲ. "ನೋಡಲಿಕ್ಕೆ ಒಂದು ಸಾಕು" ಎನ್ನುತ್ತಾರೆ. ಈಗ ಮಾಡದಿದ್ದರೆ ಇನ್ನಿಲ್ಲ ಎಂದುಕೊಂಡು ಆಟಿಯಲ್ಲಿ ರಜೆ ಹಾಕಿ ಹೋದೆ.

ಸರ್ವರ್ ಎಬ್ಬಿಸುವ ಕೆಲಸ ಹಿಂದಿನ ಹಾಗಿಲ್ಲ, ಬಹಳ ಸುಲಭ. ಅಮೆಜಾನ್ 2006ರಲ್ಲಿ, ಅಂದರೆ ದೊಡ್ಡಪ್ಪನ ತಾಣ ಹುಟ್ಟಿದ ವರ್ಷವೇ, ಗಂಟೆ ಲೆಕ್ಕದಲ್ಲಿ ಯಂತ್ರ ಬಾಡಿಗೆ ಕೊಡಲು ಶುರುಮಾಡಿತ್ತು. ಹತ್ತು ವರ್ಷದ ನಂತರ, 2016ರಲ್ಲಿ, ಅದರ ಕೇಂದ್ರ ಮುಂಬಯಿಗೆ ಬಂತು, ಡಿಜಿಟಲ್‌ಓಶನ್‌ನದು ಬೆಂಗಳೂರಿಗೆ. ನಾನು ಹಿಡಿದದ್ದು 1 ಜಿಬಿ ಮೆಮೊರಿ, 25 ಜಿಬಿ ಡಿಸ್ಕಿನ ಸಣ್ಣ ಯಂತ್ರ. ಅದಕ್ಕೆ ಉಬುಂಟು, ಅದರ ಮೇಲೆ ಎಂಜಿನ್‌ಎಕ್ಸ್, ಪಿಎಚ್‌ಪಿ, ಮರಿಯಾಡಿಬಿ. ಕಾಯ್ದ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಬಿಟ್ಟಿಯಾಗಿ ಕೊಡುತ್ತದೆ. ವರ್ಡ್‌ಪ್ರೆಸ್‌ನವರು 'ಐದು ನಿಮಿಷದ ಸ್ಥಾಪನೆ' ಎಂದು ಹೇಳಿಕೊಳ್ಳುತ್ತಾರೆ. ಮರ್ಕಂಜದಲ್ಲಿ ಕರೆಂಟಿನ ದಯೆಯಿಂದ ಅದು ಎರಡು ದಿನವಾಯಿತು. 1 ಜಿಬಿ ಸಾಲದೆ ಡೇಟಾಬೇಸ್ ಮಧ್ಯೆ ಮಧ್ಯೆ ಸತ್ತುಹೋಗುತ್ತಿತ್ತು. ಡಿಸ್ಕಿನಲ್ಲೇ ಒಂದು ಸ್ವಾಪ್ ಕಡತ ಮಾಡಿಕೊಟ್ಟ ಮೇಲೆ ಉಸಿರಾಡಿತು. ಡೇಟಾಬೇಸನ್ನು ಈ ಸಲ ಮೊದಲೇ ಯುಟಿಎಫ್-8 ಮಾಡಿದೆ. ಸ್ವೀಡನ್ನಿಗೆ ಇನ್ನೊಮ್ಮೆ ಹೋಗುವ ಮನಸ್ಸಿರಲಿಲ್ಲ.

ಲೇಖನಗಳ ವಿಳಾಸದಲ್ಲೂ ಕನ್ನಡವೇ ಇರಲಿ ಎಂದಿತ್ತು. ಅಲ್ಲೊಂದು ಇಕ್ಕಟ್ಟು. ವಿಳಾಸದಲ್ಲಿ ಒಂದು ಬೈಟಿಗೆ ಮೂರು ಚಿಹ್ನೆ ಬೇಕು, ಅಂದರೆ ಒಂದು ಕನ್ನಡ ಚಿಹ್ನೆಗೆ ಒಂಬತ್ತು. 'ಮರ್ಕಂಜ' ಎಂಬ ಮೂರಕ್ಷರಕ್ಕೇ 54. ವರ್ಡ್‌ಪ್ರೆಸ್ 200ರ ಮೇಲೆ ಕತ್ತರಿಸುತ್ತದೆ. ದೊಡ್ಡಪ್ಪನ ಶೀರ್ಷಿಕೆಗಳು ಹಳೆಯ ಕಾಲದವು, ಒಂದೊಂದೂ ಒಂದೊಂದು ವಾಕ್ಯ. ಅರ್ಧಕ್ಕೇ ಬಾಲ ತುಂಡಾಗುತ್ತಿತ್ತು. ಅಂಕಿಯ ವಿಳಾಸ ಕೊಟ್ಟು ಸುಮ್ಮನಾದೆ.

ಇನ್ನು ತಪ್ಪು. ಹಳೆಯ ಕಡತದ ಸ್ವೀಡಿಷ್ ವೇಷ ಕಳಚಬೇಕಿತ್ತು. ಓರೆಗೀಟಿನ 'ಎ'ಗಳನ್ನು ತಿರುಗಿ ಬೈಟುಗಳಾಗಿ ಮಾಡಿ, ಆ ಬೈಟುಗಳನ್ನು ಯುಟಿಎಫ್-8 ಎಂದು ಓದಿದರೆ ಕನ್ನಡ ಬರುತ್ತದೆ. ಪೈಥಾನ್‌ನಲ್ಲಿ ನಾಲ್ಕು ಸಾಲಿನ ಪ್ರೋಗ್ರಾಂ ಬರೆದೆ. ಮೈಎಸ್‌ಕ್ಯೂಎಲ್ 'ಲ್ಯಾಟಿನ್' ಎನ್ನುವುದು ನಿಜವಾಗಿ ವಿಂಡೋಸ್ 1252 ಎಂಬ ಸಂಕೇತಪಟ್ಟಿ. ಅದರ 256 ಮನೆಗಳಲ್ಲಿ ಐದು ಖಾಲಿ. ಮೈಎಸ್‌ಕ್ಯೂಎಲ್ ಆ ಐದು ಮನೆಗಳನ್ನೂ ಬಿಡದೆ ಕಾಪಾಡಿಕೊಳ್ಳುತ್ತದೆ. ಪೈಥಾನ್ ಕಾಪಾಡುವುದಿಲ್ಲ, ತಕರಾರು ಮಾಡಿ ನಿಲ್ಲುತ್ತದೆ. ನಾನು ನಡುರಾತ್ರಿಯ ಆತುರದಲ್ಲಿ 'ಗೊತ್ತಾಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗು' ಎಂದೆ. ಅದೂ ಹೋಗಲಿ, ಫಲಿತಾಂಶವನ್ನು ಮೂಲ ಕಡತದ ಮೇಲೆಯೇ ಬರೆಸಿಬಿಟ್ಟೆ. ಪ್ರತಿ ಮಾಡಿಟ್ಟುಕೊಂಡಿರಲಿಲ್ಲ. ಇತಿಹಾಸ ಓದಿದವನು, ಮೂಲ ಆಕರವನ್ನು ಮುಟ್ಟಬಾರದು ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳಿದವನು.

ಬೆಳಿಗ್ಗೆ ನೋಡಿದರೆ ಕನ್ನಡ ಬಂದಿತ್ತು. ಆದರೆ ಊರಿನ ಹೆಸರು 'ಮರ?ಕಂಜ'. ತಾಲೂಕು 'ಸ?ಳ?ಯ'. ಗುತ್ತಿಗಾರು 'ಗ?ತ?ತಿಗಾರ?'. ಎಲಿಮಲೆ ಮಾತ್ರ ಕೂದಲೂ ಕೊಂಕದೆ ಎಲಿಮಲೆಯಾಗಿಯೇ ಇತ್ತು.

ಲೆಕ್ಕ ಹಾಕಿದಾಗ ಎದೆ ಧಸಕ್ಕೆಂದಿತು. ಆ ಐದು ಖಾಲಿ ಮನೆಗಳ ಮೇಲೆ ಬೀಳುವ ಬಳಕೆಯ ಕನ್ನಡ ಚಿಹ್ನೆಗಳು ಐದೇ: ಏ, ಐ, ಝ, ಉಕಾರದ ಕೊಂಬು, ಮತ್ತು ಬೆಸುಗೆಯ ಚಿಹ್ನೆ. ಕೆ.ಪಿ. ರಾಯರ ಎಫ್ ಕೀಲಿಯೇ ಹೋಯಿತು. ಕನ್ನಡದಲ್ಲಿ ಒತ್ತಕ್ಷರವಿಲ್ಲದ ಸಾಲು ಎಲ್ಲಿದೆ? ಕೊಂಬಿಲ್ಲದ ಸಾಲು ಎಲ್ಲಿದೆ? ಅದಕ್ಕಿಂತ ಕೆಟ್ಟದ್ದು, ಕೊಂಬು ಮತ್ತು ಬೆಸುಗೆ ಎರಡರ ಮೊದಲ ಎರಡು ಬೈಟು ಒಂದೇ. ಮೂರನೆಯದು ಹೋದ ಮೇಲೆ ಯಾವುದು ಯಾವುದೆಂದು ಹೇಳಲು ಯಂತ್ರಕ್ಕೆ ಯಾವ ಗುರುತೂ ಉಳಿದಿಲ್ಲ.

ಬಹುಪಾಲನ್ನು ನಿಯಮಗಳಿಂದ ಸರಿಮಾಡಬಹುದು. ಒಂದೇ ವ್ಯಂಜನ ಎರಡು ಸಲ ಬಂದು ನಡುವೆ ಪ್ರಶ್ನೆಯಿದ್ದರೆ ಅದು ಬೆಸುಗೆ: ಅಕ?ಕ ಎಂದರೆ ಅಕ್ಕ. ಪದದ ಕೊನೆಯಲ್ಲಿದ್ದರೆ ಕೊಂಬು: ಬಂದ? ಎಂದರೆ ಬಂದು. ಈ ಎರಡು ನಿಯಮಕ್ಕೇ ಬಹಳಷ್ಟು ಸಾಲು ಚೇತರಿಸಿಕೊಂಡಿತು. ಮುಮುಕ್ಷುವಿನಂಥವರು ಎಡವಿದರು, ಅವರನ್ನು ನಿಘಂಟು ಎತ್ತಿತು. ಆದರೆ ತುಳುವಿಗೆ ಬಂದಾಗ ನಿಯಮ ಬಿದ್ದುಹೋಯಿತು. ತುಳುವಿನಲ್ಲಿ ಮನೆ 'ಇಲ್ಲ್', ಕಲ್ಲು 'ಕಲ್ಲ್'. ಕೊನೆಯ ಅರ್ಧ ಉಕಾರವನ್ನು ದೊಡ್ಡಪ್ಪ ಕೊಂಬಿಲ್ಲದೆ ಅರ್ಧಾಕ್ಷರದಲ್ಲೇ ಬರೆಯುತ್ತಿದ್ದರು. ನನ್ನ ಪ್ರೋಗ್ರಾಂ ತುಳು ಅಜ್ಜಿಯರ ಬಾಯಿಗೆಲ್ಲ ಕನ್ನಡದ ಕೊಂಬು ಹಚ್ಚಿತು.

ಊರ ಹೆಸರುಗಳದು ಇನ್ನೊಂದು ಗೋಳು. ನಮ್ಮ ಸೀಮೆಯಲ್ಲಿ ಐವರ್ನಾಡು ಇದೆ, ಐನೆಕಿದು ಇದೆ, ಏನೆಕಲ್ಲೂ ಇದೆ. ಮೂರಕ್ಕೂ ತಲೆಯೇ ಹೋಗಿತ್ತು. ಮನೆಹೆಸರುಗಳಂತೂ ಯಾವ ನಿಘಂಟಿನಲ್ಲೂ ಇಲ್ಲ.

ಹೀಗೆ ಉಳಿದ ಪದಗಳನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ದೊಡ್ಡಪ್ಪನ ಮುಂದಿಟ್ಟೆ. ನಾನು ಮಾಡಿದ ಅನಾಹುತ ಹೇಳುವಾಗ ಬೈಗುಳಕ್ಕೆ ತಯಾರಾಗಿದ್ದೆ. ಅವರು ಹಾಳೆಯನ್ನು ಒಂದು ಕಣ್ಣಿನ ಹತ್ತಿರ ತಂದು ನೋಡಿ, "ಎಂತದಾ ಇದು, ಬಿಟ್ಟ ಸ್ಥಳ ತುಂಬಿ ಅಂತ ನನಗೇ ಕೊಟ್ಟಿದ್ದೀಯಲ್ಲ" ಎಂದು ನಕ್ಕರು. ಆಮೇಲೆ ಒಂಬತ್ತು ದಿನ ಬೆಳಿಗ್ಗೆ ಚಾ ಆದ ಮೇಲೆ ಮಧ್ಯಾಹ್ನದ ಊಟದವರೆಗೆ ಕೂತೆವು. ನಾನು ಓದುವುದು, ಅವರು ಹೇಳುವುದು, ನಾನು ತಿದ್ದುವುದು.

ಅಲ್ಲಿ ನನಗೆ ಗೊತ್ತಾದ ಸಂಗತಿ, ಕೊಂಬಿಗೂ ಬೆಸುಗೆಗೂ ಇರುವ ಅಂತರ ಎಷ್ಟು ದೊಡ್ಡದು ಎಂಬುದು. 'ಕರ?ಣ' ಎಂದರೆ ಕರುಣವೂ ಹೌದು, ಕರ್ಣನೂ ಹೌದು. 'ವರ?ಣ' ವರುಣನೋ, ವರ್ಣವೋ? ದೊಡ್ಡಪ್ಪ ತಾಳಮದ್ದಳೆಯ ಮರುಳಿನವರು. 'ಕರ?ಣ' ಬಂದಾಗಲೆಲ್ಲ ಕೆಲಸ ನಿಲ್ಲಿಸಿ ಕರ್ಣಪರ್ವದಲ್ಲಿ ಯಾರು ಯಾವ ಅರ್ಥ ಹೇಳಿದ್ದರು ಎಂದು ಶುರುಮಾಡುತ್ತಿದ್ದರು. ನನಗೂ ಅವಸರವಿರಲಿಲ್ಲ. ಕೆಲವು ಹೆಸರುಗಳನ್ನು ಅವರು ಹಾಳೆ ನೋಡದೆಯೇ, ಆ ಮನೆಗೆ ಹೋಗುವ ದಾರಿಯನ್ನು ಬಾಯಲ್ಲಿ ನಡೆದು ಹೇಳಿದರು. ತೋಡು ದಾಟಿ, ಸಂಕ ದಾಟಿ, ಎಡಗಡೆಯ ಗುಡ್ಡೆ ಹತ್ತಿದರೆ ಸಿಗುವ ಮನೆ. ಅಲ್ಲಿಗೆ ಮುಟ್ಟಿದಾಗ ಹೆಸರು ತಾನಾಗಿ ಬಾಯಿಗೆ ಬರುತ್ತಿತ್ತು.

ಎಂಟನೇ ದಿನ ಒಂದು ಸಾಲಿನಲ್ಲಿ ಸಿಕ್ಕಿಬಿದ್ದೆವು. ಒಬ್ಬ ಅಜ್ಜಿ ತನ್ನ ಮುತ್ತಜ್ಜನ ಬಗ್ಗೆ ಹೇಳಿದ ಮಾತು. ದಂಡಿನ ಜೊತೆ ಮಂಗಳೂರಿಗೆ ಹೋಗಿ, ಎಲ್ಲ ಮುರಿದುಬಿದ್ದ ಮೇಲೆ ಕಾಡಿನ ದಾರಿಯಲ್ಲಿ ತಿರುಗಿ ಬಂದವನು. ಸಾಲು ಹೀಗಿತ್ತು: 'ಅವ ಪ?ರಾಣ ಹಿಡಿದುಕೊಂಡು ಬಂದವ, ಬೇರೆ ಎಂತದ್ದೂ ತರಲಿಲ್ಲ.'

ಪ್ರೋಗ್ರಾಂ 'ಪ್ರಾಣ' ಎಂದು ತುಂಬಿತ್ತು. ನಾನೂ ಹಾಗೇ ಓದಿ ಮುಂದೆ ಹೋದೆ. ಜೀವ ಕೈಯಲ್ಲಿ ಹಿಡಿದುಕೊಂಡು ಓಡಿಬಂದ ಬಡಪಾಯಿ, ಇದರಲ್ಲಿ ಸಂಶಯವೇನು?

"ನಿಲ್ಲು ನಿಲ್ಲು" ಎಂದರು ದೊಡ್ಡಪ್ಪ. "ಪ್ರಾಣ ಅಲ್ಲ ಅದು. ಪುರಾಣ."

"ಪುರಾಣ ಹಿಡಿದುಕೊಂಡು?"

"ತಾಳೆಗರಿಯ ಕಟ್ಟು ಮಾರಾಯ. ಮಂಗಳೂರಿನಲ್ಲಿ ಎಲ್ಲರೂ ಕೈಗೆ ಸಿಕ್ಕಿದ್ದು ತೆಗೆದುಕೊಂಡರಂತೆ. ಇವ ಒಂದು ಪುರಾಣದ ಕಟ್ಟು ತಂದ. ಅದನ್ನು ಹೇಳುವಾಗ ಆ ಅಜ್ಜಿ ಮೇಲೆ ಅಟ್ಟದ ಕಡೆ ಕೈ ತೋರಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು."

ಒಂದು ಕೊಂಬಿನಿಂದ ಮನುಷ್ಯನೇ ಬದಲಾದ. ಓಡಿಬಂದವನ ಜಾಗದಲ್ಲಿ, ಸೋತ ದಂಡಿನಿಂದ ತಾಳೆಗರಿ ಹೊತ್ತು ಕಾಡು ಹತ್ತಿದ ಒಬ್ಬ ಓದಿನ ಆಸೆಯವನು ನಿಂತ. ದಂಗೆಯವರನ್ನು ಲೂಟಿಕೋರರೆಂದು ಬರೆದ ಇಂಗ್ಲಿಷ್ ಕಡತಗಳ ಎದುರು ಇಡಬಹುದಾದ ಒಂದು ಸಾಲು! ನನ್ನೊಳಗಿನ ಇತಿಹಾಸದ ವಿದ್ಯಾರ್ಥಿ ಎದ್ದು ಕೂತ. ಆ ಮನೆ ಈಗ ಯಾರದ್ದು, ಅಟ್ಟ ಇದೆಯೇ ಎಂದು ಕೇಳಿದೆ. ಹಳೆಯ ಮನೆ ಕೆಡವಿ ತಾರಸಿ ಹಾಕಿ ಇಪ್ಪತ್ತು ವರ್ಷವಾಗಿತ್ತು. ಮಳೆಯಲ್ಲೇ ಹೋಗಿ ವಿಚಾರಿಸಿದೆ. ಮನೆಯವರು ಚಾ ಕೊಟ್ಟು ಉಪಚರಿಸಿದರು. ಅಟ್ಟದಲ್ಲಿದ್ದದ್ದೆಲ್ಲ ಒರಲೆ ತಿಂದ ಮಣ್ಣು, ಅದರೊಳಗೆ ಎಂತದಿತ್ತೋ ಯಾರು ನೋಡಿದ್ದಾರೆ ಎಂದರು.

ಸಂಜೆ ಬಂದು 'ಪುರಾಣ' ಎಂದು ತಿದ್ದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಮೂಲದಲ್ಲಿ ಈ ಚಿಹ್ನೆ ನಷ್ಟವಾಗಿದೆ, ಸಂಗ್ರಾಹಕರ ನೆನಪಿನ ಮೇಲೆ ತುಂಬಲಾಗಿದೆ ಎಂದು ಬರೆದೆ. 'ಪ್ರಕಟಿಸು' ಒತ್ತಿದೆ. ಮಳೆ ಸ್ವಲ್ಪ ಬಿಟ್ಟಿತ್ತು, ಪುಟ ತಟ್ಟನೆ ತೆರೆಯಿತು. ದೊಡ್ಡಪ್ಪ ಮೊಬೈಲನ್ನು ಒಂದು ಕಣ್ಣಿಗೆ ಹಿಡಿದು ಅದೇ ಸಾಲನ್ನು ಮೂರು ಸಲ ಓದಿದರು. ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬೆಂಗಳೂರಿಗೆ ಹೊರಡಬೇಕು. ಬ್ಯಾಗು ಕಟ್ಟುತ್ತಿದ್ದಾಗ ದೊಡ್ಡಪ್ಪ ಚಾವಡಿಯಿಂದ ಕರೆದರು. ರಾತ್ರಿ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ.

"ಅಲ್ಲ ಮಾರಾಯ, ಆ ಅಜ್ಜಿ ಮೇಲೆ ಕೈ ತೋರಿಸಿದ್ದು ಹೌದು. ಅಟ್ಟವನ್ನು ತೋರಿಸಿದ್ದೋ, ದೇವರನ್ನು ತೋರಿಸಿದ್ದೋ?"

ನಾನು ಲ್ಯಾಪ್‌ಟಾಪನ್ನು ಚೀಲದಿಂದ ತಿರುಗಿ ಹೊರಗೆ ತೆಗೆದೆ. ಆ ಸಾಲು ಈಗ ತಾಣದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಸಮೇತ ಹಾಗೆಯೇ ಇದೆ.